ಬೋರ್ಡಿನ್ಯಾಗಿನ ಯಮ

ಯಮನ್ನ ನಾ ಮೊದಲ ಸಲ ನೋಡಿದ್ದು ನಮ್ಮ ಅಂಗಳದಾಗ. ಬಿಸಲಾಗ ಒಣಗಾಕತ್ತಿದ್ದ.

ಹೊಲದಿಂದ ಮೇವಿನ ಹೊರಿ ಹೊತಗೊಂಡು ಬಂದು ನೋಡ್ತೇನಿ, ಗ್ವಾಡಿಗೆ ಆನಿಸಿಟ್ಟ ತಗಡಿನ ಮ್ಯಾಲ ಕೋಣ ಹತ್ತಿ ಕುಂತು, ದೊಡ್ಡ ದೊಡ್ಡ ಮೀಸಿ ಬಿಟಕೊಂಡು, ನನ್ನ ಕಡೆ ನೋಡಿ ನಗಾಕತ್ತಾನ. ಹೊರಿ ಅಲ್ಲೇ ಬಿತ್ತು. "ಏ ಯವ್ವಾ!" ಅಂತ ಚೀರಿದ್ದಕ್ಕ ಬಾಜು ಮನಿಯವ್ರು ಓಡಿ ಬಂದ್ರು. ನಮ್ಮ ಮನ್ಯಾವ್ರು ಕುಂಚಾ ಕೈಯಾಗ ಹಿಡಕೊಂಡು, "ಹೆಂಗ ಬಂದೈತಿ? ನೀನ ಅಂಜಿದಿ ಅಂದಮ್ಯಾಲ ಡ್ರೈವರ್ ಮಂದಿ ಅಂಜೂದ ಗ್ಯಾರಂಟಿ" ಅಂತ ಹೊಟ್ಟಿ ಹಿಡಕೊಂಡು ನಕ್ಕರು. ನಾ ಮಾತ್ರ ಸಂಜಿತನಾ ಆ ತಗಡಿಗೆ ಬೆನ್ನ ಮಾಡೇ ಅಡ್ಡಾಡಿದ್ನಿ.

ನಮ್ಮ ಮನ್ಯಾವ್ರು ಪೇಂಟರ್. ಬೇಡಕಿಹಾಳ ಸುತ್ತಮುತ್ತ ಅಂಗಡಿ ಬೋರ್ಡು, ಸಾಲಿ ಗ್ವಾಡಿ, ಟ್ರ್ಯಾಕ್ಟರಿನ ಟ್ರೇಲರ್ ಡಬ್ಬಿ ಹಿಂದಿನ ನಂಬರು, ಎಲ್ಲಾ ಅವರದ ಕೈ. ಎಂಬತ್ತರ ದಶಕ ಮುಗಿಯೂ ಹೊತ್ತಿಗೆ ನಮ್ಮ ಕಡೆ ರಸ್ತಾದ ಕೆಲಸಕ್ಕ ಒಬ್ಬ ಸಾಹೇಬ್ರು ಬಂದಿದ್ರು, ಭಾಳ ಚಾಷ್ಟಿ ಮನಷ್ಯಾ. ಸಿಟ್ಟಿನ ಮಾತು ಯಾರೂ ಓದೂದಿಲ್ಲ, ನಗೂವಂಥಾದ್ದು ಬರದ್ರ ಗಾಡಿ ಸಾವಕಾಶ ಮಾಡಿ ಓದ್ತಾರ ಅಂತ ಅವರ ಲೆಕ್ಕ. ನಮ್ಮ ಮನ್ಯಾವ್ರನ್ನ ಕರಸಿ ರಸ್ತೆಗುಂಟ ಬೋರ್ಡು ಬರಸಿದ್ರು. "ಹಾರ್ನ್ ಹೊಡೀರಿ, ಮಂದಿಗೆ ಹೊಡೀಬ್ಯಾಡ್ರಿ" ಅಂತ ಒಂದು. "ಸಾವಕಾಶ ಹೋದ್ರ ಮನಿಯಾಗ ಊಟ, ಜೋರ ಹೋದ್ರ ಮಂದಿಗೆ ನಿಮ್ಮ ತಿಥಿ ಊಟ" ಅಂತ ಇನ್ನೊಂದು. ಓದಿ ಓದಿ ನಾನೂ ನಕ್ಕೇನಿ, ಸುಳ್ಳ ಯಾಕ ಹೇಳ್ಲಿ.

ಆದ್ರ ಜಾಲಿಗಿಡದ ತಿರುವಿಗೆ ಬರೇ ಮಾತು ಸಾಲೂದಿಲ್ಲ ಅಂದ್ರು ಸಾಹೇಬ್ರು. ಚಿಕ್ಕೋಡಿ-ನಿಪ್ಪಾಣಿ ರಸ್ತೆದಾಗ ಒಂದು ಇಳಕಲಾ, ಇಳಕಲದ ತುದಿಗೆ ತಿರುವು, ತಿರುವಿಗೆ ಆ ಜಾಲಿಗಿಡ. ಕಬ್ಬಿನ ಹಂಗಾಮ ಬಂತಂದ್ರ ಎರಡೆರಡು ಡಬ್ಬಿ ಕಟಗೊಂಡು ಟ್ರ್ಯಾಕ್ಟರು ಕಾರಖಾನಿಗೆ ಓಡತಿದ್ದು. ಹಿಂದ ಲೈಟಿಲ್ಲ, ಮುಂದ ಬ್ರೇಕಿಲ್ಲ, ನಡುವ ಟೇಪಿನ ಹಾಡು ಮಾತ್ರ ಜೋರ. ಅಲ್ಲಿ ಎಷ್ಟ ಮಂದಿ ಹೋದ್ರೋ ಏನೋ, ಆ ಗಿಡಕ್ಕ ನಾವು ಹೆಣ್ಣಮಕ್ಕಳು ಎಸ್ಟಿ ಬಸ್ಸಿನ್ಯಾಗಿಂದ ಕೈ ಮುಗದ ಮುಂದ ಹೋಗತಿದ್ವಿ.

ಅಲ್ಲಿಗೆ ಅಂತ ತಗದ ಚಿತ್ರಾ ಈ ಯಮ. ಕೆಳಗ ದಪ್ಪ ಅಕ್ಷರದಾಗ, "ಭಾಳ ಗಡಬಡಿ ಐತೇನ್ರಿ? ಬರ್ರಿ, ನಾ ಬಿಡ್ತೇನಿ!"

ನಮ್ಮ ಅತ್ತಿ ಬಂದು ಕಣ್ಣ ಕಿರಿದು ಮಾಡಿ ಭಾಳೊತ್ತು ನೋಡಿದ್ರು. "ಯಪ್ಪಾ, ಕೋಣದ ಬೆನ್ನಮ್ಯಾಲ ಹಿಂದ ಜಾಗಾ ಯಾಕ ಖಾಲಿ ಬಿಟ್ಟಿ?" ಅಂತ ಮಗನ್ನ ಕೇಳಿದ್ರು.

"ಅದ ಅಲ್ಲೇನಬೇ ಮಜಾ! ಬರ್ರಿ ಅಂತಾನ, ಕುಂಡ್ರಾಕ ಜಾಗಾ ಬ್ಯಾಡೇನು?"

"ಖಾಲಿ ಜಾಗಾ ಇತ್ತಂದ್ರ ಯಾರರ ಬಂದು ಕುಂಡ್ರತಾರಪಾ. ಎಸ್ಟಿಯಾಗ ನೋಡಿಲ್ಲ? ಒಂದು ಕಬ್ಬಿನ ಹೊರಿನರ ತಗದ ಇಡು ಅಲ್ಲಿ."

ಅವರು ತಗೀಲಿಲ್ಲ. ಸಾಹೇಬ್ರು ಒಪ್ಪೂದಿಲ್ಲ ಅಂದ್ರು. ಆ ಖಾಲಿ ಜಾಗಾ ಅವತ್ತ ನನ್ನ ತಲಿಯಾಗ ಹೊಕ್ಕಿದ್ದು ಹೊಕ್ತು. ತಗದಾಂವ ನನ್ನ ಗಂಡ. ಯಮಗ ಮೊದಲ ಪರಿಚಯ ಆದಾಂವ ನನ್ನ ಗಂಡ. ಕರದಾಂವ ಕಟ್ಟಕಡೀಕ ಯಾರನ್ನ ಕುಂಡ್ರಿಸಿಕೊಂಡ ಹೊಕ್ಕಾನ?

ಬೋರ್ಡು ನಿಂತ ಮ್ಯಾಲ ಮಾತ್ರ ಸಾಹೇಬ್ರ ಲೆಕ್ಕ ಖರೇ ಆತು. ಡ್ರೈವರ್ ಮಂದಿ ಇಳಕಲದಾಗ ಬ್ರೇಕ್ ಹಿಡದು, ಓದಿ, ನಕ್ಕು, ಮುಂದ ಹೋಗಾಕ ಹತ್ತಿದ್ರು. ಆಮ್ಯಾಲ ನಗೂದು ಕಡಿಮಿ ಆಗಿ ಕೈ ಮುಗ್ಯೂದು ಹೆಚ್ಚಾತು. ಯಾರೋ ಕುಂಕುಮ ಹಚ್ಚಿದ್ರು. ಇನ್ಯಾರೋ ಹೊಸಾ ಟ್ರ್ಯಾಕ್ಟರ್ ತಂದು ಮೊದಲ ಕಾಯಿ ಅಲ್ಲೇ ಒಡದ್ರು. ಒಂದೆರಡು ಹಂಗಾಮ ಅಲ್ಲಿ ಒಂದ ಡಬ್ಬಿ ಸೈತ ಪಲ್ಟಿ ಆಗಲಿಲ್ಲ. ನಾನೂ ಜರಾ ಉಸಿರ ಬಿಟ್ನಿ.

ಆ ಸಾಹೇಬ್ರಿಗೆ ಬದಲಿ ಆತು. ಹೊಸಾ ಸಾಹೇಬ್ರು ಬಂದ್ರು, ಜೋಡೀನ ಬೆಂಗಳೂರಿಂದ ಆರ್ಡರೂ ಬಂತು. ರಸ್ತಾ ಬೋರ್ಡಿನ ಮ್ಯಾಲ ದೇವ್ರು ದೆವ್ವ ಇರಬಾರದು, ಚಾಷ್ಟಿ ಇರಬಾರದು, ದೇಶಕ್ಕೆಲ್ಲಾ ಒಂದ ನಮೂನಿ. ತಿರುವಿಗೆ ಅಂದ್ರ ಬಿಳೀ ತಗಡು, ಕೆಂಪು ಅಂಚಿನ ಮೂರ ಮೂಲಿ, ಒಳಗ ಒಂದು ಡೊಂಕ ಬಾಣ, ಮುಗೀತು. ಹೊಸಾ ತಗಡು ಬರೂತನಾ ಹಳೇದರ ಮ್ಯಾಲ ಬಣ್ಣಾ ಬಳದು ಬಾಣ ತಗೀರಿ ಅಂತ ನಮ್ಮ ಮನ್ಯಾವ್ರಿಗೆ ಹೇಳಿ ಕಳಿಸಿದ್ರು.

ರಸ್ತಾದ ಗ್ಯಾಂಗಿನವ್ರು ಏಣಿ ಹಿಡ್ಯಾಕ ಸೈತ ಒಲ್ಲೆ ಅಂದ್ರು. "ಯಮನ ಮಾರಿಗೆ ಮಸಿ ಬಳ್ಯಾಕ ನಮಗೇನು ಹೆಂಡ್ರು ಮಕ್ಕಳಿಲ್ಲೇನ್ರಿ?" ಅಂದ್ರಂತ. ನಾನೂ ಜಗಳಾ ತಗದ್ನಿ. ನೀವು ಬಳದ್ರ ನಾ ತವರಿಗೆ ಹೋಗ್ತೇನಿ ಅಂದ್ನಿ. "ಹೋಗು, ಹಾದ್ಯಾಗ ಅದ ತಿರುವು ಬರತೈತಿ, ಅವಗೊಂದು ನಮಸ್ಕಾರ ಹೇಳು" ಅಂದ್ರು. ಇಂಥಾ ಮನಷ್ಯಾಗ ಏನ ಹೇಳ್ತೀರಿ? ಸಿಟ್ಟು ಬಂದು ಅತ್ನಿ.

ಅತ್ತಿ ಒಂದು ಹಾದಿ ಹುಡಿಕಿದ್ರು. ಬಂದಾವ್ರನ್ನ ಹಂಗ ದಬ್ಬಬಾರದು, ಮರ್ಯಾದಿಲೆ ಕಳಸಬೇಕು. ಗಣಪತಿನ್ನ ಕಳಸೂದಿಲ್ಲೇನು, ಹಂಗ. ಯಮಗ ಏನ ಎಡಿ ಹಿಡೀಬೇಕು ಅನ್ನೂದು ಊರಾಗ ಯಾರಿಗೂ ಗೊತ್ತಿರಲಿಲ್ಲ. ಕಡೀಕ ಹೋಳಗಿ ಮಾಡಿದ್ವಿ, ಕೋಣಕ್ಕ ಒಂದು ಹೊರಿ ಹಸಿ ಮೇವು ಕಟಗೊಂಡ್ವಿ. ಹೊತ್ತ ಏರಿದ ಮ್ಯಾಲ ತಿರುವಿಗೆ ಹೋದ್ವಿ. ನಾಕಾರು ಟ್ರ್ಯಾಕ್ಟರ್ ಬದೀಗೆ ನಿಂತು. ಡ್ರೈವರ್ ಮಂದಿ ಟೊಪಗಿ ತಗದು ನಿಂತ್ರು.

ಅತ್ತಿ ಆರತಿ ಬೆಳಗಿದ್ರು. ನಮ್ಮ ಮನ್ಯಾವ್ರು ಏಣಿ ಹತ್ತಿ ಬಿಳೀ ಬಣ್ಣಾ ಬಳ್ಯಾಕ ಸುರು ಮಾಡಿದ್ರು. ಮೊದಲು ಅಕ್ಷರ ಹೋದು, ಆಮ್ಯಾಲ ಕೋಣ, ಆ ಖಾಲಿ ಜಾಗಾ, ಕೈಯಾಗಿನ ಹಗ್ಗ. ಮೀಸಿ ಮತ್ತ ಕಣ್ಣು ಅಷ್ಟ ಉಳದು. ಅವು ನನ್ನ ಕಡೇನ ನೋಡಾಕತ್ತಿದ್ದು. ಕುಂಚಾ ಮಾರಿ ಮ್ಯಾಲ ಆಡಿತು. ನಾ ಕಣ್ಣ ಮುಚ್ಚಿ, ಎರಡೂ ಕೈ ಜೋಡಿಸಿ, ಭಕ್ತಿಲೆ, ಎಲ್ಲಾರಿಗೂ ಕೇಳೂವಂಗ ಅಂದ್ನಿ: "ಹೋಗಿ ಬರ್ರಿ."

ಅತ್ತಿ ಹಣಿ ಹಣಿ ಬಡಕೊಂಡ್ರು. "ಯಾರಿಗೆ ಬಾ ಅಂದಿಬೇ, ಖೋಡಿ! ಯಾರಿಗೆ ಬಾ ಅಂದಿ!"

ನಾ ಏನ ಮಾಡ್ಲಿ? ಮನಿಯಿಂದ ಹೋಗಾವ್ರಿಗೆ ಬರೇ ಹೋಗ್ರಿ ಅಂತ ಅನ್ನಬಾರದು ಅಂತ ಹುಟ್ಟಿದಾಗಿಂದ ಕಲಿಸ್ಯಾರ. ಬೀಗರಿಗೆ ಅಂತೇವಿ, ಬಳಿಗಾರಗ ಅಂತೇವಿ, ಸಾಲಿಗೆ ಹೋಗೂ ಮಕ್ಕಳಿಗೆ ಅಂತೇವಿ. ನಾಲಿಗಿ ತನ್ನ ರೂಢಿ ತಾ ಮಾಡಿತು. ಒಬ್ಬ ಡ್ರೈವರ್ ಕಿಸಕ್ಕನ ನಕ್ಕ, ನಗೂದು ನಡುವ ನಿಂತು, ಗಾಡಿ ಚಾಲೂ ಮಾಡಿಕೊಂಡು ಹೋಗಿಬಿಟ್ಟ. ಆಡಿದ ಮಾತು, ಒಡದ ಮುತ್ತು, ಎರಡೂ ತಿರಗಿ ಬರೂದಿಲ್ಲ ಅಂತಾರ. ನಾ ಅಲ್ಲೇ ರಸ್ತಾ ಬದೀಗೆ ಕುಂತ್ನಿ.

ಅವತ್ತಿನಿಂದ ನಮ್ಮ ಮನ್ಯಾವ್ರು ಕೆಲಸಕ್ಕ ಹೊಂಟಾಗ ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಬಾಗಲದಾಗ ನಿಲ್ಲತಿದ್ನಿ, ಬಾಯಿ ತಗೀತಿದ್ನಿ, ಆ ಯಮ ಎಲ್ಲೋ ನಿಂತು ಕೇಳಾಕತ್ತಾನ ಅನಸತಿತ್ತು. ಬಾ ಅಂದ್ರ ಯಾರಿಗೆ ಅಂದ್ಲು ಅಂತ ತಿಳಕೊಂಡಾನು? ಸುಮ್ಮನ ಸೆರಗ ಬಾಯಿಗೆ ಹಿಡಕೊಂಡು ನಿಂತಬಿಡತಿದ್ನಿ. ಅವರು ಸೈಕಲ್ ಹತ್ತಿ ಹೋಗತಿದ್ರು, ನಾ ಸಂಜಿತನಾ ಜೀವ ಕೈಯಾಗ ಹಿಡಕೊಂಡು ಇರತಿದ್ನಿ.

ಮಳಿಗಾಲ ಮುಗದ ಮ್ಯಾಲ ತವರಿಗೆ ಹೊಂಟಿದ್ನಿ. ತಿರುವಿಗೆ ಎಸ್ಟಿ ಹೊಳ್ಳಿತು. ಕಿಡಕಿಯಿಂದ ನೋಡ್ತೇನಿ, ಬಿಳೀ ಬಣ್ಣದಾಗಿಂದ ಒಂದು ಕರೀ ಕೋಡು ಹೊರಗ ಬಂದೈತಿ. ಇಲಾಖೆ ಕೊಟ್ಟ ಬಣ್ಣಾ ನೀರನೀರ ಇತ್ತು, ಅದಕ್ಕ ಕಿತ್ತ ಬಂದೈತಿ ಅಂತ ಮನ್ಯಾವ್ರು ಆಮ್ಯಾಲ ಹೇಳಿದ್ರು. ನನಗ ಅವತ್ತ ಬಣ್ಣಾ ನೆನಪಾಗಲಿಲ್ಲ. ತಿರಗಿ ಬರೂವಾಗ ಮೀಸಿಯ ಒಂದು ತುದಿ ಕಂಡಿತು. ಕಂಡಕ್ಟರ್ ಟಿಕೀಟ ಹರಕೋತ, "ಯಮ ಮಾವ ಹೊರಗ ಬರಾಕತ್ತಾನ ನೋಡ್ರಿ" ಅಂತ ಮಂದಿಗೆ ತೋರಿಸಿ ನಗಿಸಿದ. ಹೋಗಿ ಬರ್ರಿ ಅಂದಿದ್ನಿ, ಹೋಗಿ ಬರಾಕತ್ತಿದ್ದ. ಅಲ್ಲಿಂದ ಮನಿ ಮುಟ್ಟೂತನಾ ನಾ ಕಣ್ಣ ತಗೀಲಿಲ್ಲ.

ದೀಪಾವಳಿ ಆತು, ಕಬ್ಬಿನ ಹಂಗಾಮ ಸುರು ಆತು. ಮೀಸಿ ಪೂರ್ತಿ ಹೊರಗ ಬಂತು. ಸಾಹೇಬ್ರು ಇನ್ನೊಂದು ಸಲ ಬಳೀರಿ ಅಂತ ಹೇಳಿ ಕಳಿಸಿದ್ರು. ಆ ದಿನ ನಾ ನಸಕ ಹರ್ಯೂದ್ರಾಗ ಎದ್ದು ಶೇಂಗಾ ಹೋಳಗಿ ಮಾಡಿದ್ನಿ. ಬಾಯಿಲೆ ಹೇಳಾಕ ಆಗಲಾರದ್ದನ್ನ ಬುತ್ತಿಯಾಗ ಕಟ್ಟಿದ್ನಿ ಅನ್ನರಿ. ಅವರು ಬಣ್ಣದ ಡಬ್ಬಿ ಸೈಕಲ್ಲಿಗೆ ತೂಗ ಹಾಕಿ, ಬಾಗಲದಾಗ ನಿಂತ್ರು. ಹೋಗವಲ್ಲರು. ನನ್ನ ಮಾರಿ ನೋಡಿದ್ರು.

"ಯಮಗ ಹೋಗಿ ಬರ್ರಿ ಅಂದಿ. ನನಗ ಯಾಕ ಅನ್ನವಲ್ಲಿ?"

ನಗಕೋತನ ಅಂದ್ರು. ಆದ್ರ ಕಣ್ಣಾಗ ನಗು ಇರಲಿಲ್ಲ. ನಾ ಬುತ್ತಿ ಗಂಟು ಅವರ ಕೈಯಾಗ ಇಟ್ನಿ. ಅವರು ಓಣಿ ತಿರಗಿ ಹೋದ್ರು.

ಮಧ್ಯಾಹ್ನ ಹಾಲಿನಾಂವ ಸೈಕಲ್ ಒಗದು ಒಳಗ ಓಡಿ ಬಂದ. "ವೈನಿ, ಜಾಲಿಗಿಡದ ತಿರುವಿಗೆ ಡಬ್ಬಿ ಪಲ್ಟಿ ಆಗೈತ್ರಿ. ಏಣಿ ಪುಡಿಪುಡಿ ಆಗೈತಿ. ಪೇಂಟರ್ ಅಣ್ಣಾರು ಕಬ್ಬಿನ ಬುಡಕ ಅದಾರೋ ಏನೋ, ಹುಡಕಾಕತ್ತಾರ."

ಆಮ್ಯಾಲ ನಾ ಏನ ಮಾಡಿದ್ನಿ ನನಗ ಪೂರಾ ನೆನಪಿಲ್ಲ. ಚಪ್ಪಲಿ ಇರಲಿಲ್ಲ. ಯಾರದೋ ಟೆಂಪೋದಾಗ ತಂಬಾಕಿನ ಚೀಲದ ಮ್ಯಾಲ ಕುಂತಿದ್ನಿ. ಹಾದಿ ತುಂಬ ಬಾಯಾಗ ಒಂದ ಮಾತು. ಹೋಗಿ ಬರ್ರಿ, ಹೋಗಿ ಬರ್ರಿ, ಹೋಗಿ ಬರ್ರಿ. ಇಷ್ಟ ದಿನ ಅನ್ನಲಾರದ್ದನ್ನೆಲ್ಲಾ ಒಮ್ಮೇಲೆ ಅಂದು ಮುಗಸೂವಂಗ ಅಂದ್ನಿ. ಟೆಂಪೋದಾಂವ ಹುಚ್ಚಿ ಅಂತ ತಿಳಕೊಂಡಿರಬೇಕು.

ತಿರುವಿಗೆ ರಸ್ತಾ ತುಂಬ ಕಬ್ಬು. ಕಂಬ ಬಾಗಿತ್ತು. ಬೋರ್ಡು ಅಂಗಾತ ಬಿದ್ದಿತ್ತು, ಅರ್ಧಾ ಹೊಸಾ ಬಿಳೀ ಬಣ್ಣಾ, ಅರ್ಧಾ ಆ ಮೀಸಿ. ಮಂದಿ ಕಬ್ಬು ಜಗ್ಗಿ ಜಗ್ಗಿ ಒಗ್ಯಾಕತ್ತಿದ್ರು. ಅವರ ನಡುವ ನಮ್ಮ ಮನ್ಯಾವ್ರೂ ಕಬ್ಬು ಜಗ್ಗಾಕತ್ತಿದ್ರು. ಬುಡಕ ಸಿಕ್ಕಾಂವ ಡ್ರೈವರ್. ಇವರು ಹೋಳಗಿ ವಾಸನಿ ತಡಕೊಳ್ಳಲಾರದ ಲಗೂನ ಏಣಿ ಇಳದು, ರಸ್ತಾ ದಾಟಿ, ಆಚೆ ಕಡೆ ಬದುವಿಗೆ ಕುಂತು ಬುತ್ತಿ ಬಿಚ್ಚಿದ್ರಂತ. ಅಷ್ಟರಾಗ ಟ್ರ್ಯಾಕ್ಟರ್ ಬಂದು ಏಣಿ ಮ್ಯಾಲ ಹೋಗೈತಿ.

ನನ್ನ ನೋಡಿ ಅವರು ನಿಂತ್ರು. "ನೀ ಅನ್ನಲಿಲ್ಲ, ಆದ್ರೂ ಬರ್ತಿದ್ನಿ ಬಿಡು" ಅಂದ್ರು. ನಾ ಅಷ್ಟ ಮಂದ್ಯಾಗ ಅವರ ಎದಿಗೆ ಮುಟಗಿಲೆ ಗುದ್ದಿದ್ನಿ, ಗುದ್ದಿ ಗುದ್ದಿ ಅತ್ನಿ.

ಡ್ರೈವರ್ ಬದುಕಿದ. ಗಡಿ ಆಚಿಯಾಂವ, ತಲಿ ನರತಾಂವ, ಕೈಯಷ್ಟ ಮುರದಿತ್ತು. ಸಾವಕಾಶ ಯಾಕ ಬರಲಿಲ್ಲೋ ಅಂತ ಮಂದಿ ಬೈದ್ರು. "ಆ ಬಿಳೀ ತಗಡಿನ್ಯಾಗ ಮೀಸಿ ಒಂದ ಕಂಡಿತ್ರಿ. ಯಾರದು ಅಂತ ನೋಡಾಕ ಹೋದ್ನಿ" ಅಂತ ಅಂವ ಅಂದ. ಯಾರೂ ನಗಲಿಲ್ಲ.

ಆಮ್ಯಾಲ ಕಾಯ್ದೆ ಪ್ರಕಾರ ಹೊಸಾ ಬೋರ್ಡು ತಯಾರಾಗೇ ಬಂತು, ನಮ್ಮ ಮನ್ಯಾವ್ರ ಕುಂಚಾ ಅದಕ್ಕ ಹತ್ತಲಿಲ್ಲ. ಹಳೇ ತಗಡು ಎಲ್ಲಿ ಹೋತು ಯಾರಿಗೂ ಗೊತ್ತಾಗಲಿಲ್ಲ. ಯಾರರ ಕೋಳಿ ಗೂಡಿಗೆ ಮುಚ್ಚಿರಬೇಕು ಅಂದ್ರು ಅತ್ತಿ. ನನಗ ಅದು ಇನ್ನೂ ಹೆಚ್ಚಿನ ಅಂಜಿಕಿ. ಬೋರ್ಡಿನ್ಯಾಗ ಇದ್ದಾಗ ಎಲ್ಲಿ ಅದಾನ ಅಂತರ ಗೊತ್ತಿತ್ತು.

ಡಬ್ಬಿ ಪಲ್ಟಿ ಆದ ಮರದಿನದಿಂದ ನಾ ಮತ್ತ ಅನ್ನಾಕ ಹತ್ತಿದ್ನಿ. ಬಾಗಲದಾಗ ನಿಂತು ಗಟ್ಟ್ಯಾಗಿ "ಹೋಗಿ ಬರ್ರಿ" ಅಂತಿದ್ನಿ. ಅವರ ಸೈಕಲ್ ಓಣಿ ತುದಿಗೆ ಹೋದಮ್ಯಾಲ, ಆ ಇನ್ನೊಬ್ಬಾಂವಗ ತಿಳೀಲಿ ಅಂತ, ಸೆರಗ ಮರಿಯಾಗ ಸಣ್ಣ ದನಿಲೆ "ನೀವು ಮಾತ್ರ ಬರಬ್ಯಾಡ್ರಿ" ಅಂತ ಸೇರಸತಿದ್ನಿ. ಯಾರಿಗೂ ಗೊತ್ತಿರಲಿಲ್ಲ.

ಒಂದಿನ ಸೈಕಲ್ಲಿನ ಚೈನ್ ಬಿದ್ದು ಅವರು ಮನಿ ಮುಂದ ಬಗ್ಗಿದ್ರು. ನನಗ ಕಾಣಲಿಲ್ಲ, ಹೋದ್ರು ಅಂತ ತಿಳಕೊಂಡ್ನಿ. ನಾ ಅಂದದ್ದು ಕೇಳಿಸಿಕೊಂಡು ಎದ್ದು ನಿಂತು ನೋಡಿದ್ರು. ಕೈತುಂಬ ಮಸಿ.

"ನಾನಾ?" ಅಂದ್ರು.

ಕೈ ಹಿಡದು ಒಳಗ ಎಳಕೊಂಡ ಬಂದ್ನಿ. ಕುಂಡ್ರಿಸಿದ್ನಿ, ನೀರ ಕುಡಿಸಿದ್ನಿ, ಬಾಯಿಗೆ ಬೆಲ್ಲ ಹಾಕಿದ್ನಿ, ಕೆಟ್ಟ ಶಕುನಾದಾಗ ಮಾಡೂವಂಗ ಎಲ್ಲಾ ಮೊದಲಿನಿಂದ ಮಾಡಿದ್ನಿ. ಆಮ್ಯಾಲ ಬಾಗಲಕ್ಕ ಕರಕೊಂಡ ಹೋಗಿ, ಅವರ ಮಾರಿ ನೋಡಿ, ಅವರಿಗಷ್ಟ ಕೇಳೂವಂಗ ಅಂದ್ನಿ.

"ಹೋಗಿ ಬರ್ರಿ. ನೀವ ಬರ್ರಿ. ನೀವೊಬ್ಬರ."