ಲಾಳಿ ಹೊತ್ತ ಅಪವಾದ

ಪೆನ್ನುಗಳನ್ನು ಹಾಕಿಡಲು ನನ್ನ ಮೇಜಿನ ಮೇಲೆ ಒಂದು ಹಳೆಯ ಲಾಳಿ ಇತ್ತು. ಮಗ್ಗದಲ್ಲಿ ಅಡ್ಡ ನೂಲನ್ನು ಹೊತ್ತು ಆಚೀಚೆ ಓಡುವ, ತುದಿಗಳಿಗೆ ಉಕ್ಕಿನ ಮೊನೆಯಿರುವ ಮರದ ಲಾಳಿ. ಅದಕ್ಕೆ ಹಿಡಿದ ಎಣ್ಣೆಯ ವಾಸನೆ ಇಷ್ಟು ವರ್ಷವಾದರೂ ಹೋಗಿರಲಿಲ್ಲ. ಕಳೆದ ಭಾನುವಾರ ಪಕ್ಕದ ಮನೆಯ ಹುಡುಗಿ ಬಂದವಳು ಅದನ್ನು ನೋಡಿ, “ಇದನ್ನ ಇನ್ನೂ ಇಟ್ಕೊಂಡಿದೀಯಾ ಅಕ್ಕ? ನಮ್ಮಮ್ಮನ್ನ ತಿಂದಿದ್ದು ಇದೇ ಅಲ್ವಾ?” ಎಂದಳು.

ಅವಳ ಅಮ್ಮನನ್ನು ನಾನು ಅತ್ತೆ ಎನ್ನುತ್ತಿದ್ದೆ. ನೆಂಟಸ್ತಿಕೆಯೇನೂ ಇರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎರಡು ಮನೆಗೂ ಒಂದೇ ಗೋಡೆ. ಅವರ ಮುಂದಿನ ಕೋಣೆಯಲ್ಲಿ ಎರಡು ಮಗ್ಗಗಳು ಓಡುತ್ತಿದ್ದವು. ಆ ಸದ್ದಿನಲ್ಲೇ ಬದುಕಿದ ಅತ್ತೆಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ನಾನು ಪಿಯುಸಿಗೆ ವಿಜ್ಞಾನ ತೆಗೆದುಕೊಂಡ ದಿನದಿಂದ ಬೀದಿಗೆಲ್ಲ ಕೇಳುವಂತೆ “ಏನೇ ಡಾಕ್ಟ್ರಮ್ಮ” ಎಂದು ಕೂಗುತ್ತಿದ್ದರು. ನನಗೆ ಸಂಕೋಚವಾಗುತ್ತಿತ್ತು. ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಒಂದು ಮಧ್ಯಾಹ್ನ ಓಡುತ್ತಿದ್ದ ಮಗ್ಗದಿಂದ ಲಾಳಿ ಹಾರಿ ಅವರ ಎದೆಗೆ ಬಡಿಯಿತು. ನಮ್ಮ ಬೀದಿಯಲ್ಲಿ ಇದು ಹೊಸದಲ್ಲ. ಹಲ್ಲು ಕಳೆದುಕೊಂಡವರೂ ಇದ್ದರು. ಅತ್ತೆ ಅರಿಸಿನ ಹಚ್ಚಿಕೊಂಡು ನಕ್ಕರು. ಮೊನೆ ಸವೆದಿದ್ದ ಆ ಲಾಳಿಯನ್ನು ನನಗೇ ಕೊಟ್ಟರು. “ತಗೋ, ನನ್ನ ಹೊಡೆದಿದ್ದು ನಿನ್ನ ಪೆನ್ನಾದ್ರೂ ಹೊರಲಿ.”

ಎರಡು ತಿಂಗಳ ನಂತರ ನನ್ನನ್ನು ಒಳಕೋಣೆಗೆ ಕರೆದು, ನನ್ನ ಕೈ ಹಿಡಿದು ತಮ್ಮ ಎದೆಯ ಮೇಲಿಟ್ಟುಕೊಂಡರು. ಅವರೆಕಾಳಿನಷ್ಟು ಚಿಕ್ಕ ಗಂಟು, ಗಟ್ಟಿ... ಆ ಸ್ಪರ್ಶ ನನ್ನ ಬೆರಳಿಗೆ ಈಗಲೂ ನೆನಪಿದೆ.

“ನೋವಿದೆಯಾ ಅತ್ತೆ?”

“ಇಲ್ಲ ಕಣೇ. ಲಾಳಿ ಬಡಿದ ಜಾಗ, ರಕ್ತ ಹೆಪ್ಪುಗಟ್ಟಿರ್ಬೇಕು.”

“ನೋವಿಲ್ಲ ಅಂದ್ರೆ ಏನೂ ಇರಲ್ಲ ಬಿಡಿ.”

ನನಗೇನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿತ್ತು, ಅಷ್ಟೆ.

ಆಮೇಲೆ ಮನೆಮನೆಗೆ ಬರುವ ನರ್ಸಮ್ಮ ಅದನ್ನು ಮುಟ್ಟಿ ನೋಡಿ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಿ ಬನ್ನಿ ಎಂದರು. ಅತ್ತೆ ನಮ್ಮ ಮನೆಯ ಕಡೆ ಕೈ ತೋರಿಸಿ, “ಲಾಳಿ ಏಟು ನರ್ಸಮ್ಮ. ನಮ್ಮ ಡಾಕ್ಟ್ರಮ್ಮ ಆಗ್ಲೇ ನೋಡವ್ಳೆ,” ಎಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ಆಗಲಾದರೂ ಬಾಯಿ ಬಿಡಬಹುದಿತ್ತು...

ಒಂದು ವರ್ಷ ಕಳೆದ ಮೇಲೆ, ಗಂಟಿನ ಮೇಲಿನ ಚರ್ಮ ಒಡೆದಾಗ, ಗಂಡನ ಜೊತೆ ದೊಡ್ಡಾಸ್ಪತ್ರೆಗೆ ಹೋದರು. ಚೀಟಿಗಳನ್ನು ಓದಲು ಜೊತೆಗೆ ನನ್ನನ್ನೂ ಕರೆದೊಯ್ದರು. ಯಾವಾಗಿನಿಂದ ಇದೆ ಎಂದು ಡಾಕ್ಟರು ಕೇಳಿದರು. “ಲಾಳಿ ಬಡಿದಾಗ್ಲಿಂದ ಸಾರ್,” ಎಂದರು ಮಾವ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. “ಏಟು ಬಿದ್ರೆ ಇದು ಬರಲ್ಲಪ್ಪ. ಚಿಕ್ಕದಿದ್ದಾಗ್ಲೇ ಬಂದಿದ್ರೆ ತೆಗೆದುಹಾಕ್ತಿದ್ವಿ. ಯಾರೂ ಹೇಳ್ಲಿಲ್ವಾ ನಿಮ್ಗೆ?”

ಅತ್ತೆ ಒಮ್ಮೆ ನನ್ನ ಕಡೆ ನೋಡಿದರು. “ಯಾರನ್ನೂ ಕೇಳ್ಲಿಲ್ಲ ಸಾರ್,” ಎಂದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು ಅಲ್ಲಿ.

ಏಳು ತಿಂಗಳಿಗೆ ಹೋಗಿಬಿಟ್ಟರು. ಬೀದಿಯವರು ಲಾಳಿಯನ್ನು ಬೈದರು. ಹಣೆಬರಹವನ್ನು ಬೈದರು. ನನ್ನನ್ನು ಯಾರೂ ಬೈಯಲಿಲ್ಲ.

ಎಂ.ಎಸ್ಸಿ. ಓದುವಾಗ ಪಠ್ಯಪುಸ್ತಕದಲ್ಲಿ ಆ ಸಾಲು ಸಿಕ್ಕಿತು: ಸ್ತನದ ಕ್ಯಾನ್ಸರಿನ ಗಡ್ಡೆ ಮೊದಮೊದಲು ಹೆಚ್ಚಾಗಿ ನೋಯುವುದಿಲ್ಲ. ಯಾರೋ ವರ್ಷಗಟ್ಟಲೆ ರೋಗಿಗಳನ್ನು ನೋಡಿ, ಬರೆದಿಟ್ಟು, ಹೋಲಿಸಿ ಕಂಡುಕೊಂಡ ವಿಷಯ. ಅತ್ತೆ ಬದುಕಿದ್ದಾಗಲೂ ಅದು ಪುಸ್ತಕದಲ್ಲಿತ್ತು. ಬೆಂಗಳೂರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ ದಾಟಿ ನಮ್ಮ ಬೀದಿಗೆ ಬಂದಿರಲಿಲ್ಲ. ಬೀದಿಗೆ ಬಂದಿದ್ದ ನರ್ಸಮ್ಮನನ್ನು ನನ್ನ ಮಾತು ವಾಪಸು ಕಳಿಸಿತ್ತು. ಈಗ ನಾನೇ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ.

ಭಾನುವಾರ ಹುಡುಗಿಗೆ ಎಲ್ಲವನ್ನೂ ಹೇಳಿದೆ. ಲಾಳಿಯದೇನೂ ತಪ್ಪಿಲ್ಲ ಎಂದೆ. ನಾನು ಹೇಳಿದ ಮಾತನ್ನು ಹಾಗೆಯೇ ಹೇಳಿದೆ. ಅಮ್ಮನಿಗೆ ಬಂದದ್ದು ಮಗಳಿಗೂ ಬರಬಹುದು, ಏನಾದರೂ ಕೈಗೆ ತಗುಲಿದರೆ ನೋವಿಗಾಗಿ ಕಾಯಬೇಡ ಎಂದೆ. ಅವಳು ಲಾಳಿಯ ಸವೆದ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಅಮ್ಮಂಗೆ ಗೊತ್ತಿತ್ತಾ? ನೀನು ಸುಮ್ನೆ ಹೇಳಿದ್ದು ಅಂತ?”

“ಆಸ್ಪತ್ರೇಲಿ ಗೊತ್ತಾಯ್ತು.”

ಅವಳು ಪೆನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು, ಲಾಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಪೆನ್ನುಗಳು ಇನ್ನೂ ಹಾಗೆಯೇ ಬಿದ್ದಿವೆ.