ತೀರ್ಥವೂ ಮೈಲಿಗೆಯಾದ ಕೋಣೆ

ಮೊನ್ನೆ ನನ್ನ ಔಷಧಿ ಅಂಗಡಿಯಲ್ಲಿ ಸ್ಪಿರಿಟ್ ಚೆಲ್ಲಿಹೋಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನರಸಿಂಹರಾಜಪುರದ ನಮ್ಮ ಪಕ್ಕದ ಮನೆ ಮೇಡಂ ಕಣ್ಣಮುಂದೆ ಬಂದು ನಿಂತರು...

ಎರಡು ಸಾವಿರದ ಇಸವಿ ದಾಟಿದ ಹೊಸತು. ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದರು. ನನ್ನಲ್ಲಿಂದ ಅಷ್ಟು ಸ್ಪಿರಿಟ್ ಒಯ್ಯುವವರು ಊರಲ್ಲಿ ಬೇರೊಬ್ಬರಿರಲಿಲ್ಲ. ಮೆಣಸೆ ಊರಿನ ಅವರ ತವರಿನ ಅಲಸಂದೆ ತಳಿಗೆ ರೋಗ ಹತ್ತಿತ್ತು. ಬಿತ್ತಿದರೆ ಎಲೆ ಮುರುಟಿ, ಕಾಯಿ ಕಟ್ಟುವ ಮೊದಲೇ ಬಳ್ಳಿ ಒಣಗುತ್ತಿತ್ತು. ಬೀಜವೂ ಮುಗಿಯುತ್ತ ಬಂದಿತ್ತು. ಮೊಳಕೆಯ ತುತ್ತತುದಿಗೆ ರೋಗ ಮುಟ್ಟಿರುವುದಿಲ್ಲ, ಅದನ್ನು ಕತ್ತರಿಸಿ ಬಾಟಲಿಯಲ್ಲಿ ಬೆಳೆಸಿಯೇ ಸಿದ್ಧ ಎಂದು ಮೇಡಂ ಹಠ ಹಿಡಿದರು. ಹಿತ್ತಿಲ ಕೋಣೆ, ಬಾಟಲಿ ಬೇಯಿಸಲು ಒಂದು ಕುಕ್ಕರ್, ಒಂದು ಗಾಜಿನ ಪೆಟ್ಟಿಗೆ, ಕ್ರಿಮಿ ಸಾಯಲೆಂದು ಎಲ್ಲವನ್ನೂ ಒರೆಸಲು ನನ್ನ ಸ್ಪಿರಿಟ್... ಅಷ್ಟೇ ಪ್ರಯೋಗಶಾಲೆ.

"ಬಾಳೆ ಆದ್ರೆ ಬಾಟ್ಲೀಲಿ ಹೇಳಿದ ಮಾತು ಕೇಳುತ್ತೆ. ಈ ಬೇಳೆಕಾಳಿನ ಜಾತಿಯೇ ಹಠಮಾರಿ," ಎನ್ನುತ್ತಿದ್ದರು. ಚಿಗುರಲೆಂದು ಬಾಟಲಿಗೆ ಹಾಕುವ ಹಾರ್ಮೋನು ಹೆಚ್ಚಾದರೆ ಬರೀ ಗಂಟು, ಕಡಿಮೆಯಾದರೆ ಚಿಗುರೇ ಇಲ್ಲ.

ಅಂತೂ ಒಮ್ಮೆ ಚಿಗುರು ಕಾಣಿಸಿತು. ಅವರ ಅತ್ತೆ ಮಹಾ ಮಡಿವಂತೆ. ಸೊಸೆಗೆ ಒಳ್ಳೆಯದಾಗಲೆಂದು ಮಿಂದು, ಮಡಿಯುಟ್ಟು ಹೋಗಿ, ಬಾಟಲಿಗಳ ಮುಚ್ಚಳ ತೆಗೆದು ಒಂದೊಂದಕ್ಕೂ ಹನಿ ತೀರ್ಥ ಹಾಕಿಬಿಟ್ಟರು! ಕೆಲವೇ ದಿನಗಳಲ್ಲಿ ಎಲ್ಲದರಲ್ಲೂ ಬೂಷ್ಟು.

"ಮಡೀಲೇ ಮುಟ್ಟಿದ್ದು ಕಣೇ, ಮತ್ತೆ ಹೆಂಗೆ ಕೆಟ್ಟೋಯ್ತು?" ಅತ್ತೆ ಅಳುವುದೊಂದು ಬಾಕಿ.

ಮೇಡಂ ಬಾಟಲಿಗಳನ್ನು ತೊಳೆಯಲಿಟ್ಟರು. "ಆ ಕೋಣೆ ಮಡಿನೇ ಬೇರೆ ಅತ್ತೆ. ಅಲ್ಲಿ ತೀರ್ಥಾನೂ ಮೈಲಿಗೆ."

ಅಂದಿನಿಂದ ಅತ್ತೆಯೇ ಬಾಗಿಲು ಕಾದರು. ನಾನು ಸ್ಪಿರಿಟ್ ಕೊಡಲು ಹೋದರೆ, "ಅಲ್ಲೇ ನಿಲ್ಲು ಮಾರಾಯ! ತೀರ್ಥಾನೇ ಒಳಗೆ ಬಿಡಲ್ಲ, ನೀ ಯಾವ ಲೆಕ್ಕ?"

ಉಳಿದ ಕೊನೆಯ ಬೀಜಗಳನ್ನು ಮೇಡಂ ಮೊಳಕೆಗಿಟ್ಟರು. ಈ ಸಲ ಮೊಳಕೆ ಇನ್ನೂ ಎಳೆಯದಾಗಿರುವಾಗಲೇ ತುದಿ ಕತ್ತರಿಸಿದರು, ಹಾರ್ಮೋನು ಇಳಿಸಿದರು. ಒಂದೇ ಒಂದು ಚಿಗುರಿತು. ಬೇರು ಬಿಡಲು ಸತಾಯಿಸಿತು. ಮಣ್ಣಿಗಿಟ್ಟರೆ ಬಾಡಿತು. ಮೇಡಂ ಗಾಜಿನ ಲೋಟ ಬೋರಲು ಹಾಕಿ, ದಿನಾ ಸ್ವಲ್ಪಸ್ವಲ್ಪವೇ ಗಾಳಿ ತೋರಿಸಿದರು. ಬಳ್ಳಿ ಚಪ್ಪರ ಹತ್ತಿತು. ಎಲೆ ಮುರುಟಲಿಲ್ಲ... ಬೀಜವಾದಾಗ ಕೇಳಿದವರಿಗೆಲ್ಲ ಹಂಚಿದರು. ದೂರದ ಕಿಗ್ಗದವರೆಗೂ ಹೋಯಿತು.

ಮೇಡಂ ತೀರಿಕೊಂಡು ಎಷ್ಟೋ ವರ್ಷಗಳಾದವು. ನಿನ್ನೆ ಕೊಪ್ಪದ ಸಂತೆಯಲ್ಲಿ ತರಕಾರಿಯವಳು ಕರೆದಳು: "ಬಾಟ್ಲಿ ಅಲಸಂದೆ ತಗಳಿ!"

"ಬಾಟ್ಲಿ ಯಾಕಮ್ಮಾ?" ಅಂದೆ.

"ಯಾರಿಗ್ಗೊತ್ತು? ಹೆಸರೇ ಹಂಗೆ."

"ಒಬ್ಬರು ಮೇಡಂ ಇದ್ರು..." ಎಂದು ಶುರು ಮಾಡಿದೆ. ಬಗ್ಗಿ, ಬಿತ್ತನೆಗೆಂದು ಬಲಿತ ಕಾಯಿಗಳನ್ನೇ ಆರಿಸತೊಡಗಿದೆ.