ಗಾಳಿಯಲ್ಲಿ ತೇಲುವ ಊರಿನವರು ಚರಗ ಎಲ್ಲಿ ಚೆಲ್ಲಬೇಕು?

"ನಿಮ್ಮ ದ್ವೀಪಗಳು ಚೆನ್ನಾಗಿ ತೇಲ್ತಾ ಇವೆ ಮೇಡಂ. ಆದ್ರೆ ಅಲ್ಲಿಂದ ಅಡುಗೆಮನೆ ವಾಸನೆ ಬರ್ತಾ ಇದೆ. ಅದನ್ನ ತೆಗೀರಿ."

ಹದಿನೈದು ದಿನದ ಹಿಂದೆ ನಮ್ಮ ಸೊಸೆ ಶಿವಲೀಲಾಗೆ ಒಬ್ಬ ಓದಿಕೊಂಡ ದೊಡ್ಡವರು ಲ್ಯಾಪ್‌ಟಾಪಿನೊಳಗಿಂದ ಹೇಳಿದ ಮಾತಿದು. ನಾನು ಒಳಗೆ ಮೆಂತೆ ಸೊಪ್ಪು ಬಿಡಿಸುತ್ತಿದ್ದೆ. (ಕದ್ದು ಕೇಳಿದ್ದಲ್ಲ. ನಮ್ಮ ಅಡುಗೆಮನೆಗೆ ಬಾಗಿಲಿಲ್ಲ, ಪರದೆ ಅಷ್ಟೇ.) ಮಾತು ಕಿವಿಗೆ ಬಿದ್ದದ್ದೇ ತಡ, ಸೊಪ್ಪು ಕಸದ ಬುಟ್ಟಿಗೆ, ಕಡ್ಡಿ ಪಾತೇಲಿಗೆ ಹಾಕಿಬಿಟ್ಟೆ. ಅಷ್ಟು ಸಿಟ್ಟು.

ಸಿಟ್ಟು ಯಾಕೆ ಅಂತ ಹೇಳುತ್ತೇನೆ, ಮೊದಲಿಂದ ಕೇಳಿ.

ಶಿವಲೀಲಾ ಭೀಮಾ ದಂಡೆಯ ಮಣ್ಣೂರಿನವಳು. ಮದುವೆಯಾಗಿ ಆಳಂದದ ನಮ್ಮ ಮನೆಗೆ ಬಂದು ಎರಡು ವರ್ಷ. ಇಲ್ಲೇ ಒಂದು ಶಾಲೆಯಲ್ಲಿ ಸೈನ್ಸ್ ಟೀಚರ್. ಶಾಲೆ ಮುಗಿಸಿ ಬಂದು, ನನ್ನ ಕೆಲಸಕ್ಕೆ ಕೈಜೋಡಿಸಿ, ಉಳಿದ ಹೊತ್ತಿನಲ್ಲಿ ಕಾದಂಬರಿ ಬರೆಯುತ್ತಾಳೆ. ಅದೂ ಎಂಥ ಕಾದಂಬರಿ? ಆಕಾಶದಲ್ಲಿ ತೇಲುವ ಏಳು ದ್ವೀಪಗಳದ್ದು.

ಮೊದಲು ಕೇಳಿದಾಗ ನಾನೂ ನಕ್ಕವಳೇ. "ನೆಲದ ಮ್ಯಾಲಿನ ಮಂದೀದು ಬರದ್ರೇ ಮುಗಿಯಂಗಿಲ್ಲ, ಮ್ಯಾಲೆ ಯಾಕ ಹತ್ತೀದಿ ಬೇ?" ಅಂದೆ.

ಆಕೆ ನಗಲಿಲ್ಲ. "ಸಣ್ಣಾಕಿ ಇದ್ದಾಗ ಹೊಳಿ ಏರಿತ್ರಿ ಅತ್ತಿ. ಎಲ್ಲರೂ ಮಾಳಗಿ ಮ್ಯಾಲೆ ಕುಂತಿದ್ವಿ. ಸುತ್ತ ನೀರು. ಗುಡಿ ಶಿಖರ, ಬೇವಿನಗಿಡದ ತಲಿ, ನಮ್ಮ ಮಾಳಗಿ, ಇಷ್ಟ ಕಾಣತಿದ್ವು. ನೀರು ಹರಿಯೋದು ನೋಡಿ ನೋಡಿ ನಮ್ಮ ಊರೇ ತೇಲಾಕತ್ತದ ಅನಿಸ್ತು. ಅಂದಿಂದ ಅದು ತಲ್ಯಾಗ ಕುಂತದ."

ಅಂದಮೇಲೆ ನಾನೂ ಕೇಳಲು ಕುಳಿತೆ. ನಾನು ರೊಟ್ಟಿ ಬಡಿಯುವುದು, ಆಕೆ ಓದುವುದು. ಹಾರುವ ದೋಣಿಗಳಿದ್ದವು, ಮುನ್ನೂರು ವರ್ಷದ ರಾಣಿ ಇದ್ದಳು, ಹೊಳೆಯುವ ಅರಮನೆ ಇತ್ತು. ಎಲ್ಲ ಕೇಳಿ ನಾನು ಒಂದೇ ಮಾತು ಕೇಳಿದೆ. "ನೀರು ಎಲ್ಲಿಂದ ತರ್ತಾರ?"

ಆಕೆ ಪೆನ್ನು ಬಾಯಲ್ಲಿಟ್ಟುಕೊಂಡು ಕುಳಿತಳು. ಏಳು ದ್ವೀಪ ಕಟ್ಟಿದ್ದಾಳೆ, ಒಂದು ಕೊಡ ನೀರಿಲ್ಲ! ನಳದಲ್ಲಿ ನೀರು ಬರುವ ದಿನ ಕಾದು ಕೂಡುವ ನನ್ನಂಥವಳಿಗೆ ಮೊದಲು ಕಾಣುವುದೇ ಅದು.

ಎರಡು ದಿನ ಬಿಟ್ಟು ಆಕೆ ನೀರು ತಂದಳು. ದ್ವೀಪದ ಹೆಂಗಸರು ನಸುಕಿನಲ್ಲಿ ಅಂಚಿಗೆ ಹೋಗಿ ಮೋಡದಲ್ಲಿ ಸೀರೆ ಹಾಯಿಸಿ, ಹಿಂಡಿ, ಕೊಡ ತುಂಬುತ್ತಾರಂತೆ. "ಹಳೇ ಹತ್ತಿ ಸೀರಿ ಅಂತ ಬರಿ, ನೈಲಾನ್ ನೀರು ಹೀರಂಗಿಲ್ಲ" ಅಂದೆ. ಬರೆದುಕೊಂಡಳು. ಅಲ್ಲಿ ಗಿಡ ಕಡಿಮೆ, ಉರುವಲಿಲ್ಲ, ದಿನಾ ಒಲೆ ಹಚ್ಚುವುದು ಆಗದು. ಅದಕ್ಕೆ ತಿಂಗಳಿಗೊಮ್ಮೆ ಖಡಕ್ ರೊಟ್ಟಿ ಮಾಡಿ ಒಂದರ ಮೇಲೊಂದು ಅಟ್ಟಿ ಹಚ್ಚಿಡುತ್ತಾರೆ. ಇದು ನನ್ನದೇ ಐಡಿಯಾ. (ಇಷ್ಟು ವರ್ಷ ರೊಟ್ಟಿ ಬಡಿದದ್ದು ಒಂದು ಕಾದಂಬರಿಗಾದರೂ ಉಪಯೋಗಕ್ಕೆ ಬಂತಲ್ಲ, ಶಿವನ ದಯೆ.)

ಹೀಗೆ ಎಳ್ಳಮಾಸಿ ಬಂತು.

ನಮ್ಮ ಕಡೆಯವರಿಗೆ ಹೇಳುವುದು ಬೇಡ. ಬೇರೆ ಕಡೆಯವರಿಗಾಗಿ: ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ದಿನ ನಾವು ಸಜ್ಜೆ ರೊಟ್ಟಿ, ಸೊಪ್ಪು ಕಾಳು ಬೇಯಿಸಿದ ಬಜ್ಜಿ, ಶೇಂಗಾ ಹೋಳಿಗಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಹೊತ್ತೊಯ್ದದ್ದರಲ್ಲಿ ಮೊದಲ ಪಾಲು ಭೂಮಿತಾಯಿಗೆ. ಎಲ್ಲ ಅಡುಗೆ ಕಲಸಿ, ಬೆಳೆಯ ಸುತ್ತ ನಡೆಯುತ್ತ ಹಿಡಿ ಹಿಡಿಯಾಗಿ ಚೆಲ್ಲುತ್ತೇವೆ. ಅದೇ ಚರಗ. ಅದಾದ ಮೇಲೆ ನಮ್ಮ ಊಟ. ಊಟಕ್ಕೆ ಯಾರು ಬಂದರೂ ಸರಿ, ಜಾತಿ ಕೇಳುವುದಿಲ್ಲ, ಹೊಟ್ಟೆ ತುಂಬಿತಾ ಅಂತಷ್ಟೇ ಕೇಳುತ್ತೇವೆ.

ಹತ್ತಿರದ ಕಿಣ್ಣಿ ಸುಲ್ತಾನ ಅನ್ನುವ ಊರಿನಲ್ಲಿ ನಮ್ಮದೊಂದು ಸಣ್ಣ ಹೊಲ. ಎದೆಮಟ್ಟ ಜೋಳದ ನಡುವೆ ನಮ್ಮ ಯಜಮಾನರು ಚರಗ ಚೆಲ್ಲುತ್ತ ಮುಂದೆ, ನೀರಿನ ತಂಬಿಗೆ ಹಿಡಿದು ನಾನು ಹಿಂದೆ. ಶಿವಲೀಲಾ ನಡುದಾರಿಯಲ್ಲಿ ನಿಂತುಬಿಟ್ಟಳು.

"ಅತ್ತಿ, ನಮ್ಮ ದ್ವೀಪದ ಮಂದಿ ಚರಗ ಎಲ್ಲಿ ಚೆಲ್ಲಬೇಕ್ರಿ? ಅಲ್ಲಿ ಮಣ್ಣಿರೋದು ಮೊಳದಷ್ಟು. ಅದಕ್ಕ ಭೂಮಿತಾಯಿ ಅನ್ನಾಕ ಬರಂಗಿಲ್ಲ."

ನಾನು ವಿಚಾರ ಮಾಡಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. "ಅಂಚಿಗೆ ನಿಂತು ಕೆಳಗ ಚೆಲ್ಲಲಿ. ತಾಯಿ ಕೆಳಗೇ ಅದಾಳಲ್ಲ. ಕಣ್ಣಿಗೆ ಕಾಣದಿದ್ರೇನಾತು?"

ಊಟಕ್ಕೆ ಕುಳಿತಾಗ ಇದೇ ಮಾತು. ನಮ್ಮ ಪಕ್ಕದ ಮನೆಯ ಮೆಹರುನ್ ಆಪಾ ಪ್ರತಿ ವರ್ಷ ನಮ್ಮ ಜೊತೆ ಹೊಲಕ್ಕೆ ಬರುವವರು. ಹೊಲಿಗೆ ಕೆಲಸ ಅವರದು, ಮಾತೂ ಹಾಗೇ, ಎಲ್ಲಿ ಚುಚ್ಚಬೇಕೋ ಅಲ್ಲೇ. ರೊಟ್ಟಿ ಮುರಿಯುತ್ತ ಅಂದರು: "ಭಾಬಿ, ಮ್ಯಾಲಿಂದ ಚೆಲ್ತೀರಿ, ಅದು ಖರೆ. ಕೆಳಗ ಯಾರರೇ ಇದ್ರ? ಪಾಪ, ಅವರ ತಲಿ ಮ್ಯಾಲೆ ಬಜ್ಜಿ ಬೀಳ್ತದಲ್ಲ."

ಎಲ್ಲರೂ ನಕ್ಕರು. ಶಿವಲೀಲಾ ತಾಟು ಕೆಳಗಿಟ್ಟಳು. "ಆಪಾ, ಇನ್ನೊಮ್ಮೆ ಹೇಳ್ರಿ" ಅಂದಳು.

ಕಾದಂಬರಿಯ ಜೀವ ಹುಟ್ಟಿದ್ದು ಅಲ್ಲಿ. ಏಳು ದ್ವೀಪಗಳ ಕೆಳಗೆ, ಅವುಗಳ ನೆರಳಿನಲ್ಲೇ ಎಂಟನೆಯದೊಂದು ದ್ವೀಪ. ಬಿಸಿಲು ಬೀಳದು, ಬೆಳೆ ಬಾರದು. ಬೂಸರು, ಪಾಚಿ ತಿಂದು ಬದುಕುವ ಮಂದಿ. ವರ್ಷಕ್ಕೊಮ್ಮೆ ಮೇಲಿಂದ ಅನ್ನ ಸುರಿಯುತ್ತದೆ. ಅದನ್ನೇ ಬಳಿದು, ಒಣಗಿಸಿ, ವರ್ಷವಿಡೀ ಚೂರು ಚೂರು ತಿನ್ನುತ್ತಾರೆ. ಮೇಲಿನವರಿಗೆ ಕೆಳಗೆ ಮಂದಿ ಇದ್ದಾರೆ ಅಂತ ಗೊತ್ತಿಲ್ಲ. ಕೆಳಗಿನವರಿಗೆ ಮೇಲಿರುವವರು ಮನುಷ್ಯರೇ ಅಂತ ಗೊತ್ತಿಲ್ಲ. ಒಂದು ವರ್ಷ ರಾಣಿಯ ಮಂತ್ರಿ ಹೇಳುತ್ತಾನೆ: ಅನ್ನ ಯಾಕೆ ದಂಡ ಮಾಡುತ್ತೀರಿ, ಚರಗ ನಿಲ್ಲಿಸಿ.

ಆ ಅಧ್ಯಾಯ ಓದಿದ ದಿನ ಹಂಚಿನ ಮೇಲೆ ರೊಟ್ಟಿ ಇದೆ ಅನ್ನುವುದನ್ನೇ ಮರೆತೆ. ಸುಟ್ಟದ್ದು ಒಂದೇ ರೊಟ್ಟಿ, ಅದೂ ಕೊನೆಯದು. ಅದನ್ನೂ ದಯೆ ಅಂತಲೇ ಎಣಿಸಿಕೊಂಡೆ.

ಇಷ್ಟರಲ್ಲಿ ಪುಸ್ತಕ ಮಾಡುವವರೊಬ್ಬರು ಹೊಸಬರ ಕಾದಂಬರಿಗಳನ್ನು ಕರೆದರು, ಬರೆದಷ್ಟು ಕಳಿಸಿದರೂ ಸಾಕು ಅಂತ. ಆರಿಸಿದವರಿಗೆ ಒಬ್ಬ ಮಾರ್ಗದರ್ಶಕರು, ಅವರು ಒಪ್ಪಿದರೆ ಪುಸ್ತಕ. ಶಿವಲೀಲಾ ಆಯ್ಕೆಯಾದಳು. ನಾನು ಜಿಡಗಾ ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದೆ.

ಆಮೇಲೆ ಬಂತು ಆ ವಿಡಿಯೋ ಕಾಲ್. ಮಾರ್ಗದರ್ಶಕರು ಮೊದಲು ಹೊಗಳಿದರು. ಭೀಮಾ ಪ್ರವಾಹದ ಕಥೆ ಕೇಳಿ, "ಬ್ಯೂಟಿಫುಲ್. ಆದ್ರೆ ಅದು ನಿಮ್ಮ ಮನಸ್ಸಲ್ಲಿರಲಿ, ಪುಸ್ತಕದಲ್ಲಿ ಬೇಡ" ಅಂದರು. ಖಡಕ್ ರೊಟ್ಟಿ ತೆಗೆದು ಬ್ರೆಡ್ ಇಡಬೇಕಂತೆ. ಸೀರೆ ಹಿಂಡುವುದು ಬೇಡವಂತೆ, ನೀರು ಇದೆ ಅಂದರೆ ಸಾಕಂತೆ. ಒಂದು ದ್ವೀಪದಲ್ಲಿ ಹಿಮ ಬೀಳಬೇಕು. ಪ್ರಯಾಣಿಕರು ಕೂತು ಕುಡಿಯಲು ಒಂದು ಟಾವರ್ನ್ ಬೇಕೇ ಬೇಕು. (ಟಾವರ್ನ್ ಅಂದರೆ ಏನು ಅಂತ ಆಮೇಲೆ ಸೊಸೆಯನ್ನು ಕೇಳಿದೆ. ಶರಾಬಿನ ಅಂಗಡಿಯಂತೆ. ಅದಕ್ಕೆ ಜಾಗ ಇದೆ ನೋಡಿ.)

"ಮುಖ್ಯವಾಗಿ ಆ ಚರಗ ತೆಗೀರಿ. ತೀರಾ ಲೋಕಲ್ ಆಯ್ತು. ಅದರ ಬದ್ಲು ಹೊಳೆಯೋ ಕಲ್ಲು ಒಂದಿಡಿ, ಅದಕ್ಕಾಗಿ ದ್ವೀಪಗಳು ಯುದ್ಧ ಮಾಡ್ಲಿ."

ಶಿವಲೀಲಾ ಮೆಲ್ಲಗೆ ಹೇಳಿದಳು: "ಸರ್, ಚರಗ ತೆಗದ್ರ ಕೆಳಗಿನ ದ್ವೀಪದವರು ಉಪವಾಸ ಸಾಯ್ತಾರ್ರಿ."

"ಆ ದ್ವೀಪಾನೂ ತೆಗೀರಿ. ಸಿಂಪಲ್."

ಮುಂದಿನ ವಾರದ ಸೋಮವಾರದೊಳಗೆ ತಿದ್ದಿ ಕಳಿಸಬೇಕು ಅಂದು ಪರದೆಯಿಂದ ಮಾಯವಾದರು.

ನನಗೆ ಸಿಟ್ಟು ಯಾಕೆ ಬಂತು ಅಂತ ಈಗ ತಿಳಿಯಿತಲ್ಲ? ಮುನ್ನೂರು ವರ್ಷ ಬದುಕುವ ರಾಣಿಯನ್ನು ನಂಬುತ್ತಾರೆ. ಎಣ್ಣೆಯಿಲ್ಲದೆ ಹಾರುವ ದೋಣಿಯನ್ನು ನಂಬುತ್ತಾರೆ. ಮಣ್ಣಿಗೆ ಒಂದು ಹಿಡಿ ಅನ್ನ ಕೊಟ್ಟು ಆಮೇಲೆ ಉಣ್ಣುವ ಮಂದಿಯನ್ನು ಮಾತ್ರ ನಂಬಲಾಗುವುದಿಲ್ಲವೇ? ದೋಣಿ ಹಾರಿದರೆ ಕಲ್ಪನೆ, ರೊಟ್ಟಿ ಹಾರಿದರೆ ಲೋಕಲ್. ಇದ್ಯಾವ ನ್ಯಾಯ? ಆ ಹಿಮ ಯಾರೂರಿನದು? ಅದೂ ಒಂದೂರಿನ ಲೋಕಲ್ಲೇ ಅಲ್ಲವೇ? ಆಳಂದದಲ್ಲಿ ಹಿಮ ಬಿದ್ದದ್ದನ್ನು ನಾನಂತೂ ನೋಡಿಲ್ಲ.

ಇನ್ನೊಂದು ಮಾತು. ಯಾರ ಮನೆಯಲ್ಲಿ ನಳ ತಿರುವಿದರೆ ನೀರು ಬರುತ್ತದೋ ಅವರೇ ಹೇಳುವುದು, ನೀರು ಇದೆ ಅಂದರೆ ಸಾಕು ಅಂತ. ತರುವವಳಿಗೆ ಗೊತ್ತು, ಇದೆ ಅನ್ನುವುದು ಎಷ್ಟು ದೂರದ ಮಾತು ಅಂತ. ಜಗತ್ತು ಕಟ್ಟುವುದು ಅಂದರೆ ಅರಮನೆ ಕಟ್ಟುವುದಷ್ಟೇ ಅಂತ ತಿಳಿದವರು ಒಂದು ದಿನವೂ ಮನೆ ನಡೆಸಿಲ್ಲ.

ಜೇವರ್ಗಿಯಲ್ಲಿರುವ ನನ್ನ ತಂಗಿಗೆ ಫೋನ್ ಹಚ್ಚಿ ಇದನ್ನೆಲ್ಲ ಹೇಳಿಕೊಂಡೆ. ಆಕೆ ಅಂದಳು: "ಅಯ್ಯ, ತೆಗೀಲಿ ಬಿಡಕ್ಕ. ಪುಸ್ತಕದ ಮ್ಯಾಲೆ ಹೆಸರು ಬರ್ತದಲ್ಲ. ನಾಕು ಮಂದಿ ಓದ್ತಾರ." ಆಕೆಯ ಮೇಲೂ ರೇಗಿ ಫೋನ್ ಇಟ್ಟೆ.

ಭಾನುವಾರ ಮಧ್ಯಾಹ್ನ. ಪೂಜೆ ಮುಗಿಸಿ ಹೊರಗೆ ಬಂದರೆ ಶಿವಲೀಲಾ ಲ್ಯಾಪ್‌ಟಾಪ್ ಮುಂದೆ.

"ಏನ್ ಮಾಡಾಕತ್ತಿ ಬೇ?"

"ತೆಗ್ಯಾಕತ್ತೇನ್ರಿ ಅತ್ತಿ."

ನೋಡನೋಡುತ್ತ ಎಂಟನೆಯ ದ್ವೀಪ ಸಾಲು ಸಾಲಾಗಿ ಹೋಗುತ್ತಿತ್ತು. ಆ ಮಂದಿ, ಅವರ ಪಾಚಿ, ಅವರು ಒಣಹಾಕಿದ ಅನ್ನ.

"ಅವರು ತೆಗಿ ಅಂದ್ರ ತಗದುಬಿಡೂದೇನ? ನಿನಗ ಬಾಯಿ ಇಲ್ಲೇನು?" ಅಂದೆ. ನನ್ನ ದನಿ ಪಕ್ಕದ ಮನೆಗೂ ಕೇಳಿರಬೇಕು.

ಆಕೆ ತಿರುಗಿ ನೋಡಲಿಲ್ಲ. "ದೊಡ್ಡವರು ಹೇಳಿದ್ರ ಹೂಂ ಅನ್ನಬೇಕು ಅಂತ ನೀವೇ ಹೇಳೀರಲ್ರಿ."

"ನಾ ಯಾವಾಗ ಹೇಳೇನಿ?"

"ಬಂದ ಹೊಸದಾಗ. ಅಮಾಸಿ ದಿನ ನಾ ಮೊದಲಿನ ರೊಟ್ಟಿ ತಗದಿಟ್ಟಿದ್ದೆ. ತವರಮನ್ಯಾಗ ಅದನ್ನ ಹೊಳಿಗೆ ಬಿಡ್ತಿದ್ವಿ. ನೀವು ಅಂದ್ರಿ, ಆಳಂದದಾಗ ಹೊಳಿ ಎಲ್ಲದ, ಅವೆಲ್ಲ ಅಲ್ಲೇ ಬಿಟ್ಟು ಬಾ, ಈ ಮನೀದು ಕಲಿ ಅಂತ. ನಾ ಹೂಂ ಅಂದೆ."

ಸಿಟ್ಟಿನಿಂದಲ್ಲ, ಹಂಗಿಸಿಯೂ ಅಲ್ಲ. ಪಾಠದ ಪ್ರಶ್ನೆಗೆ ಉತ್ತರ ಹೇಳಿದ ಹಾಗೆ ಹೇಳಿದಳು.

ನನಗೆ ನೆನಪಾಯಿತು. ಹೇಳಿದ್ದೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆ ಮಾರ್ಗದರ್ಶಕರೂ ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಅವರು ಬೇಡವೆಂದದ್ದು ಕಾಗದದ ಮೇಲಿನ ಹೊಳೆಯನ್ನು. ನಾನು ಬೇಡವೆಂದದ್ದು ಆಕೆ ಬೆಳೆದ ಹೊಳೆಯನ್ನೇ. ಎಂಟು ದಿನದಿಂದ ಯಾರ ಮೇಲೆ ಕೂಗಾಡುತ್ತಿದ್ದೆನೋ ಅವರ ಪಕ್ಕದಲ್ಲೇ ನಾನೂ ಕುಳಿತಿದ್ದೆ.

"ಅದು ನನ್ನ ತಪ್ಪು. ಬರೋ ಅಮಾಸಿಗೆ ನೀ ರೊಟ್ಟಿ ತಗದಿಡು. ಮಣ್ಣೂರಿಗೆ ಹೋಗೋರ ಕೈಯಾಗ ಕೊಟ್ಟು ಕಳಸೂಣು" ಅಂದೆ. "ಇದನ್ನ ತೆಗೀಬ್ಯಾಡ."

"ತೆಗೀದಿದ್ರ ಪುಸ್ತಕ ಆಗಂಗಿಲ್ರಿ."

"ಮನಸ್ಸು ನಿಂದು. ಬರದಾಕಿ ನೀ. ಆದ್ರ ನಾ ಹೇಳೇನಿ ಅಂತ ಮಾತ್ರ ತೆಗೀಬ್ಯಾಡ. ನಾ ಹೇಳಿದ್ದು ವಾಪಸ್ ತಗೊಂಡೇನಿ."

ಆಕೆ ಈಗ ನನ್ನ ಕಡೆ ತಿರುಗಿದಳು. ಆಮೇಲೆ ಎರಡು ಬಟನ್ ಒತ್ತಿದಳು, ಹೋಗಿದ್ದ ಮಂದಿಯೆಲ್ಲ ಒಬ್ಬೊಬ್ಬರಾಗಿ ತಿರುಗಿ ಬಂದರು. (ಆಡಿದ ಮಾತಿಗೂ ಇಂಥದೊಂದು ಬಟನ್ ಇದ್ದಿದ್ದರೆ ಎಷ್ಟು ಸಂಸಾರ ಉಳಿಯುತ್ತಿದ್ದವು.) ಬ್ರೆಡ್ ಹಾಕಲಿಲ್ಲ, ಹಿಮ ಬೀಳಿಸಲಿಲ್ಲ. ಕಾಗುಣಿತದ ತಪ್ಪು ತಿದ್ದಿ, ಸೋಮವಾರ ಶಾಲೆಗೆ ಹೋಗುವ ಮೊದಲು ಕಳಿಸಿದಳು.

ಬುಧವಾರ ಉತ್ತರ ಬಂತು. ಪುಸ್ತಕ ಮಾಡಲು ಆರಿಸಿದವರ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ.

ಶಿವಲೀಲಾ ಓದಿದಳು, ಮುಖ ತೊಳೆದುಕೊಂಡಳು, ಪರೀಕ್ಷೆಯ ಪೇಪರ್ ತಿದ್ದಲು ಕುಳಿತಳು. ಅತ್ತಳೋ ಇಲ್ಲವೋ ಗೊತ್ತಾಗಲಿಲ್ಲ, ಮುಖ ಒದ್ದೆಯೇ ಇತ್ತು. ಸಂಜೆ ಮೆಹರುನ್ ಆಪಾ ಗುಂಡಿಯ ಕಾಜು ಹೊಲಿಯಬೇಕಾದ ಬ್ಲೌಸುಗಳನ್ನು ತೆಗೆದುಕೊಂಡು ಬಂದು ಕುಳಿತರು. ಪಟ್ಟಿಯ ವಿಷಯ ಅವರಿಗೂ ತಿಳಿದಿತ್ತು. ಅದರ ಮಾತೇ ಎತ್ತಲಿಲ್ಲ. "ಬೇಟಿ, ಆ ಕೆಳಗಿನ ಮಂದಿ ಏನಾದ್ರು? ರಾಣಿಗೆ ಗೊತ್ತಾತೋ ಇಲ್ಲೋ?" ಅಂದರು. ಶಿವಲೀಲಾ ಪೇಪರ್ ಬದಿಗಿಟ್ಟು, "ಇನ್ನೂ ಬರದಿಲ್ರಿ ಆಪಾ, ನಾಳೆ ಹೇಳ್ತೇನಿ" ಅಂದಳು. ಇಂಥ ನೆರೆಹೊರೆ ಕೊಟ್ಟ ದೇವರಿಗೆ ಎಷ್ಟು ಕೈ ಮುಗಿದರೂ ಕಡಿಮೆ.

ಆದರೂ ನನ್ನ ಸಿಟ್ಟು ಇಳಿದಿಲ್ಲ. ಆ ಪತ್ರವನ್ನು ನಾನೂ ಓದಿಸಿಕೊಂಡೆ. ಎರಡೇ ಸಾಲು. ಬರವಣಿಗೆ ಶಕ್ತಿಯುತವಾಗಿದೆ, ಆದರೆ ಈ ಕಥೆ ಎಲ್ಲರಿಗೂ ತಲುಪುವುದಿಲ್ಲ.

ಎಲ್ಲರಿಗೂ ಅಂದರೆ ಯಾರಿಗ್ರಿ, ನಮ್ಮನ್ನು ಬಿಟ್ಟು?